ಆನ್ರಿ ಎತಿಯೆನ್ ಮತ್ತು ಪುಟದಂಚಿನ ಅಂಕೆ

ತತ್ತ್ವಶಾಸ್ತ್ರದ ಯಾವುದಾದರೊಂದು ವಿದ್ವತ್ಪತ್ರಿಕೆಯನ್ನು ತೆರೆದು ಅದರ ಅಡಿಟಿಪ್ಪಣಿಗಳ ಮೇಲೆ ಕಣ್ಣಾಡಿಸಿದವರಿಗೆ ಒಂದು ವೈಚಿತ್ರ್ಯ ಕಂಡೀತು. ಉಳಿದ ಗ್ರಂಥಗಳನ್ನು ಉಲ್ಲೇಖಿಸುವಾಗ ಕರ್ತೃ, ಪ್ರಕಾಶಕರು, ಊರು, ವರ್ಷ, ಪುಟ ಎಂದು ಎಲ್ಲವನ್ನೂ ಕ್ರಮವಾಗಿ ಕೊಡುವ ಲೇಖಕರು, ಪ್ಲೇಟೋವಿನ ಮಾತು ಬಂದಾಗ ಮಾತ್ರ ಸಂವಾದದ ಹೆಸರಿನ ಮುಂದೆ ಒಂದು ಅಂಕೆಯನ್ನೂ ಒಂದು ಅಕ್ಷರವನ್ನೂ ಬರೆದು ಸುಮ್ಮನಾಗುತ್ತಾರೆ. ‘ರಿಪಬ್ಲಿಕ್’ ಗ್ರಂಥದಲ್ಲಿ ಬರುವ ಗುಹೆಯ ದೃಷ್ಟಾಂತಕ್ಕೆ 514 ಎ ಎಂದರೆ ಸಾಕು; ಟೋಕಿಯೋದ ವಿದ್ವಾಂಸನೂ ಮೈಸೂರಿನ ವಿದ್ಯಾರ್ಥಿಯೂ ಒಂದೇ ವಾಕ್ಯದ ಬಳಿಗೆ ಬಂದು ನಿಲ್ಲುತ್ತಾರೆ. ಆದರೆ ಈ 514ನೆಯ ಪುಟ ಯಾವ ಪುಸ್ತಕದ್ದು? ನಮ್ಮ ಕೈಯಲ್ಲಿರುವ ಅನುವಾದದಲ್ಲಿ ಅಷ್ಟು ಪುಟಗಳೇ ಇರಲಾರವು. ಈ ಪ್ರಶ್ನೆಯ ಬೆನ್ನುಹತ್ತಿ ಹೊರಟರೆ ನಾವು ಹೋಗಿ ಸೇರುವುದು 1578ರ ಜಿನೀವಾ ನಗರದ ಒಂದು ಮುದ್ರಣಾಲಯವನ್ನು. ಅದರ ಒಡೆಯನೇ ಆನ್ರಿ ಎತಿಯೆನ್. ಮನೆತನದ ಹೆಸರಿನ ಲ್ಯಾಟಿನ್ ರೂಪವಾದ ಸ್ತೆಫಾನಸ್ ಎಂಬುದೇ ವಿದ್ವಲ್ಲೋಕದಲ್ಲಿ ಅವನಿಗೆ ನಿಂತ ಹೆಸರು.

ಆನ್ರಿ ಹುಟ್ಟಿದ್ದು ಪ್ಯಾರಿಸ್ಸಿನಲ್ಲಿ, 1530ರ ಆಸುಪಾಸಿನಲ್ಲಿ. ತಂದೆ ರೋಬೆರ್ ಎತಿಯೆನ್ ಫ್ರಾನ್ಸಿನ ಅರಸನ ಮುದ್ರಕ. ತಾಯಿಯ ತಂದೆಯೂ ಹೆಸರಾಂತ ಮುದ್ರಕ. ನಾನಾ ದೇಶಗಳ ಪಂಡಿತರು ಕರಡು ತಿದ್ದಲು ಆ ಮನೆಯಲ್ಲಿ ತಂಗುತ್ತಿದ್ದುದರಿಂದ ಎಲ್ಲರಿಗೂ ಹೊಂದುವ ಮಾತೆಂದರೆ ಲ್ಯಾಟಿನ್ ಒಂದೇ. ಮನೆಯ ಆಳುಕಾಳುಗಳಿಗೂ ಅದು ಅರ್ಥವಾಗುತ್ತಿತ್ತೆಂದು ಆನ್ರಿ ಮುಂದೆ ನೆನೆದುಕೊಂಡಿದ್ದಾನೆ. ಬೈಬಲ್ಲಿನ ಮುದ್ರಣದ ವಿಷಯದಲ್ಲಿ ಪ್ಯಾರಿಸ್ಸಿನ ಧರ್ಮಪಂಡಿತರ ಕೋಪಕ್ಕೆ ಗುರಿಯಾದ ರೋಬೆರ್ 1550ರಲ್ಲಿ ಜಿನೀವಾಕ್ಕೆ ವಲಸೆಹೋದನು. ಮರುವರ್ಷ ಅಲ್ಲಿ ಅಚ್ಚಾದ ಗ್ರೀಕ್ ಹೊಸ ಒಡಂಬಡಿಕೆಯಲ್ಲಿ ಪ್ರತಿಯೊಂದು ಅಧ್ಯಾಯವನ್ನೂ ಸಣ್ಣ ಸಣ್ಣ ವಚನಗಳಾಗಿ ವಿಂಗಡಿಸಿ ಅಂಕೆ ಕೊಟ್ಟನು. ಇಂದಿಗೂ ಬಳಕೆಯಲ್ಲಿರುವುದು ಆ ವಿಂಗಡಣೆಯೇ. ಪ್ಯಾರಿಸ್ಸಿನಿಂದ ಲಿಯೋನಿಗೆ ಪಯಣಿಸುವಾಗ ತಂದೆ ಇದರ ಬಹುಭಾಗವನ್ನು ಮಾಡಿ ಮುಗಿಸಿದನೆಂದು ಮಗ ಬರೆದಿದ್ದಾನೆ. ಕೆಲವೆಡೆ ವಾಕ್ಯಗಳು ಅಸಂಗತವಾಗಿ ತುಂಡಾಗಿರುವುದಕ್ಕೆ ಕುದುರೆಯ ಕುಲುಕಾಟವೇ ಕಾರಣವೆಂದು ಮುಂದಿನವರು ಪರಿಹಾಸ್ಯ ಮಾಡಿದರು. ಅಂಕೆ ಕೊಡುವ ಈ ವಿದ್ಯೆ, ಹೀಗೆ, ಆನ್ರಿಗೆ ಪಿತ್ರಾರ್ಜಿತವಾಗಿಯೇ ಬಂದದ್ದು.

ತಾರುಣ್ಯದಲ್ಲಿ ಅವನು ಇಟಲಿ, ಇಂಗ್ಲೆಂಡ್, ಫ್ಲಾಂಡರ್ಸ್ ಪ್ರಾಂತಗಳಲ್ಲಿ ಹಸ್ತಪ್ರತಿಗಳನ್ನು ಅರಸಿ ಅಲೆದನು. ಆ ಅಲೆದಾಟದ ಫಲವಾಗಿ, ಪ್ರಾಚೀನ ಗ್ರೀಕ್ ಕವಿ ಅನಾಕ್ರಿಯಾನನದೆಂದು ತಾನು ನಂಬಿದ ಕವಿತೆಗಳನ್ನು 1554ರಲ್ಲಿ ಮೊದಲ ಬಾರಿಗೆ ಅಚ್ಚುಹಾಕಿದನು. ಯುರೋಪಿನ ರಸಿಕರೆಲ್ಲ ತಲೆದೂಗಿದರು. ಆದರೆ ಮೂಲ ಪ್ರತಿ ಎಲ್ಲಿಯದು, ಯಾರ ಬಳಿ ಕಂಡದ್ದು ಎಂಬುದನ್ನು ಅವನು ಬಿಡಿಸಿ ಹೇಳಲಿಲ್ಲ. ಇದರಿಂದ ಕವಿತೆಗಳ ಪ್ರಾಚೀನತೆಯ ಬಗೆಗೆ ಸಂಶಯವೆದ್ದಿತು. ಇವನೇ ಹೊಸೆದಿರಬೇಕೆಂದು ಶಂಕಿಸಿದವರೂ ಉಂಟು. ಹದಿನೇಳನೆಯ ಶತಮಾನದ ಆರಂಭದಲ್ಲಿ ಹೈಡೆಲ್‌ಬರ್ಗಿನ ಗ್ರಂಥಭಂಡಾರದಲ್ಲಿ ಹಳೆಯ ಹಸ್ತಪ್ರತಿ ಬೆಳಕಿಗೆ ಬಂದ ಮೇಲೆ ಆ ಅಪವಾದ ತೊಲಗಿತು. ಕವಿತೆಗಳು ಅವನವಲ್ಲ, ಅನಾಕ್ರಿಯಾನನವೂ ಅಲ್ಲ, ಆ ಕವಿಯನ್ನು ಅನುಕರಿಸಿದ ಮುಂದಿನವರವು. ಆಕರವನ್ನು ತಿಳಿಸುವ ನಾಲ್ಕು ಸಾಲು ಬರೆದಿದ್ದರೆ ತಪ್ಪಬಹುದಾಗಿದ್ದ ಕಳಂಕವದು. ಅದು ತೊಡೆದುಹೋಗುವ ವೇಳೆಗೆ ಅವನೇ ಬದುಕಿರಲಿಲ್ಲ.

1559ರಲ್ಲಿ ತಂದೆ ತೀರಿಕೊಂಡ ಬಳಿಕ ಮುದ್ರಣಾಲಯದ ಭಾರ ಅವನ ಹೆಗಲಿಗೆ ಬಂದಿತು. ತಂದೆ ಲ್ಯಾಟಿನ್ ಭಾಷೆಗೆ ಮಹಾಕೋಶವನ್ನು ಕಟ್ಟಿದ್ದನು. ಗ್ರೀಕ್ ಭಾಷೆಗೆ ಅದಕ್ಕಿಂತ ಹಿರಿದಾದುದನ್ನು ಕಟ್ಟಬೇಕೆಂಬುದು ಮಗನ ಹಂಬಲ. 1572ರಲ್ಲಿ ‘ಥೆಸಾರಸ್’ ಎಂಬ ಹೆಸರಿನಿಂದ ಆ ಕೋಶ ಹೊರಬಂದಿತು. ಶಬ್ದಗಳನ್ನೆಲ್ಲ ಅವುಗಳ ಧಾತುಗಳಡಿಯಲ್ಲಿ ಗುಂಪುಮಾಡಿ, ಅರ್ಥಗಳಿಗೆ ಪ್ರಾಚೀನ ಗ್ರಂಥಕರ್ತರ ಪ್ರಯೋಗಗಳನ್ನು ಆಧಾರವಾಗಿ ಕೊಟ್ಟ ಮಹತ್ಕಾರ್ಯ. ಥೆಸಾರಸ್ ಎಂದರೆ ನಿಧಿ. ಆ ನಿಧಿಯೇ ತನ್ನ ಮನೆಯ ನಿಧಿಯನ್ನು ಬರಿದುಮಾಡಿತೆಂದು ಅವನು ಹಲುಬಿದ್ದಾನೆ. ಅಷ್ಟು ದೊಡ್ಡ ಗ್ರಂಥವನ್ನು ಕೊಳ್ಳುವವರು ವಿರಳ. ಸಾಲದುದಕ್ಕೆ, ಅವನ ಮುದ್ರಣಾಲಯದಲ್ಲೇ ಕರಡು ತಿದ್ದುತ್ತಿದ್ದನೆಂದು ಹೇಳಲಾಗುವ ಸ್ಕಾಪುಲಾ ಎಂಬವನು ಅದರ ಸಾರವನ್ನು ಹಿಂಡಿ ಒಂದೇ ಸಂಪುಟದ ಕೋಶವನ್ನು ಕೆಲವೇ ವರ್ಷಗಳಲ್ಲಿ ಬಾಸೆಲ್ ನಗರದಿಂದ ಹೊರತಂದನು. ವಿದ್ಯಾರ್ಥಿಗಳು ಅಗ್ಗದ ಪುಸ್ತಕವನ್ನೇ ಕೊಂಡರು. ಮೂಲಗ್ರಂಥ ಮಾರಾಟವಾಗದೆ ಉಳಿಯಿತು.

ಈ ನಷ್ಟ ತಲೆಯ ಮೇಲಿರುವಾಗಲೇ ಅವನು ಪ್ಲೇಟೋವಿನ ಸಮಗ್ರ ಕೃತಿಗಳಿಗೆ ಕೈಹಾಕಿದನು. 1578ರಲ್ಲಿ ಮೂರು ದೊಡ್ಡ ಸಂಪುಟಗಳು ಸಿದ್ಧವಾದವು. ಮೊದಲನೆಯದನ್ನು ಇಂಗ್ಲೆಂಡಿನ ರಾಣಿ ಎಲಿಜಬೆತ್ತಳಿಗೂ ಎರಡನೆಯದನ್ನು ಸ್ಕಾಟ್ಲೆಂಡಿನ ದೊರೆ ಜೇಮ್ಸನಿಗೂ ಮೂರನೆಯದನ್ನು ಬರ್ನ್ ನಗರದ ಆಡಳಿತಗಾರರಿಗೂ ಅರ್ಪಿಸಲಾಯಿತು. ಪ್ರತಿ ಪುಟದಲ್ಲೂ ಎರಡು ಅಂಕಣಗಳು: ಒಂದರಲ್ಲಿ ಗ್ರೀಕ್ ಮೂಲ, ಇನ್ನೊಂದರಲ್ಲಿ ಜಾನ್ ದ ಸೆರ್ ಮಾಡಿದ ಲ್ಯಾಟಿನ್ ಅನುವಾದ. ಇವುಗಳ ನಡುವಣ ಬಿಳಿಯ ಜಾಗದಲ್ಲಿ ಪುಟವನ್ನು ಐದು ಭಾಗಗಳಾಗಿ ಗುರುತಿಸುವ ಅಕ್ಷರಗಳು. ಅರ್ಥವನ್ನು ನೋಡಿ ಮಾಡಿದ ವಿಭಾಗವಲ್ಲ ಇದು, ಅಳತೆಯ ವಿಭಾಗ. ಸಾಕ್ರೆಟಿಸನ ವಾಕ್ಯ ನಡುವೆಯೇ ಕತ್ತರಿಸಿಹೋದರೂ ಅದಕ್ಕೆ ಪರಿವೆಯಿಲ್ಲ. ಮೂರು ಸಂಪುಟಗಳಲ್ಲೂ ಪುಟಗಳ ಎಣಿಕೆ ಹೊಸದಾಗಿಯೇ ತೊಡಗುವುದರಿಂದ ಅಂಕೆಯ ಜೊತೆಗೆ ಸಂವಾದದ ಹೆಸರನ್ನೂ ಹೇಳಲೇಬೇಕು. ಇಷ್ಟಾದರೂ ಮುಂದಿನ ಸಂಪಾದಕರು ಆ ಅಂಕೆಗಳನ್ನೇ ತಮ್ಮ ಪುಟಗಳ ಅಂಚಿಗೆ ಇಳಿಸಿಕೊಂಡರು. ಪಾಠ ಎಷ್ಟೋ ಬಾರಿ ಪರಿಷ್ಕೃತವಾಯಿತು, ಅನುವಾದಗಳು ಹಳತಾಗಿ ಹೊಸವು ಬಂದವು. ಅಂಕೆ ಮಾತ್ರ ಕದಲಲಿಲ್ಲ. ಅರಿಸ್ಟಾಟಲನಿಗೆ ಇಂಥ ಸೌಕರ್ಯ ದೊರೆತದ್ದು 1831ರಲ್ಲಿ, ಬರ್ಲಿನ್ನಿನಲ್ಲಿ ಬೆಕ್ಕರ್ ಎಂಬ ವಿದ್ವಾಂಸ ಅವನ ಕೃತಿಗಳನ್ನು ಸಂಪಾದಿಸಿದಾಗ.

ಇದರ ಬೆಲೆಯನ್ನು ನಾವು ಬಲ್ಲೆವು. ಪಂಪಭಾರತಕ್ಕೆ ಆಶ್ವಾಸ ಮತ್ತು ಪದ್ಯದ ಸಂಖ್ಯೆ, ಕುಮಾರವ್ಯಾಸನಿಗೆ ಪರ್ವ, ಸಂಧಿ, ಪದ್ಯಗಳ ಸಂಖ್ಯೆ ಕೊಟ್ಟರೆ ಯಾವ ಮುದ್ರಣದಲ್ಲಾದರೂ ಸ್ಥಳ ಬಹುಮಟ್ಟಿಗೆ ಸಿಕ್ಕುತ್ತದೆ. ವಚನಗಳಿಗೆ ಆ ಭಾಗ್ಯವಿರಲಿಲ್ಲ. ಒಂದೊಂದು ಸಂಪಾದನೆಯಲ್ಲಿ ಒಂದೊಂದು ಕ್ರಮ. 1993ರಲ್ಲಿ ಸಮಗ್ರ ವಚನ ಸಂಪುಟಗಳು ಹದಿನೈದಾಗಿ ಬಂದ ಮೇಲೆ ಸಂಪುಟ ಮತ್ತು ವಚನದ ಸಂಖ್ಯೆಯನ್ನು ಹೇಳಿ ನಿಶ್ಚಿಂತರಾಗುವುದು ಸಾಧ್ಯವಾಯಿತು. ಹೀಗಿದ್ದೂ ನಮ್ಮ ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ಯಾವ ಮುದ್ರಣವೆಂದು ಹೇಳದೆ ಬರಿಯ ಪುಟಸಂಖ್ಯೆ ಕೊಡುವ ರೂಢಿ ಹೋಗಿಲ್ಲ. ಆಕರವನ್ನು ಅರಸಿ ಗ್ರಂಥಾಲಯದಲ್ಲಿ ಒಂದು ಮಧ್ಯಾಹ್ನವನ್ನು ಕಳೆದು ಬರಿಗೈಯಲ್ಲಿ ಮರಳಿದ ಅಧ್ಯಾಪಕರಿಗೆ ಈ ದುಃಖ ಗೊತ್ತು. ಉಲ್ಲೇಖವೆಂಬುದು ಪಾಂಡಿತ್ಯದ ಆಡಂಬರವಲ್ಲ; ನಮ್ಮ ಮಾತನ್ನು ಒರೆಗೆ ಹಚ್ಚಿ ನೋಡಬಯಸುವ ಅಪರಿಚಿತನಿಗೆ ನಾವು ತೋರಿಸಿಕೊಡುವ ದಾರಿ.

ಎತಿಯೆನ್ನನ ಕಡೆಯ ದಿನಗಳು ಸುಖದವಲ್ಲ. ಅವನ ಹರಿತವಾದ ಲೇಖನಿ ಜಿನೀವಾದ ಆಡಳಿತಕ್ಕೆ ಸಹನೆಯಾಗಲಿಲ್ಲ. ಫ್ರಾನ್ಸಿನ ಅರಸನ ಆಸ್ಥಾನಕ್ಕೆ ಹೋಗಿ ಕೆಲಕಾಲವಿದ್ದನು. ಮರಳಿ ಬಂದಾಗ ಸೆರೆವಾಸವನ್ನೂ ಕಂಡನು. ಅನಂತರ ಮನೆಯಲ್ಲಿ ನಿಂತವನೇ ಅಲ್ಲ, ಊರಿಂದೂರಿಗೆ ಅಲೆದನು. ಯುರೋಪಿನ ಶ್ರೇಷ್ಠ ಗ್ರೀಕ್ ವಿದ್ವಾಂಸರಲ್ಲೊಬ್ಬನಾದ ಇಸಾಕ್ ಕಸೋಬೊನ್ ಅವನ ಅಳಿಯ. ಆ ಅಳಿಯನಿಗೂ ತನ್ನ ಪುಸ್ತಕಭಂಡಾರದ ಬಾಗಿಲನ್ನು ತೆರೆದುಕೊಡಲು ಮುದುಕನ ಮನಸ್ಸು ಒಪ್ಪಲಿಲ್ಲ. 1598ರಲ್ಲಿ, ತಂದೆಯ ವಚನವಿಭಾಗದ ಪಯಣ ಮುಗಿದಿದ್ದ ಅದೇ ಲಿಯೋನ್ ನಗರದಲ್ಲಿ, ಬಡವರ ಆಸ್ಪತ್ರೆಯಲ್ಲಿ, ತನ್ನವರಿಂದ ದೂರವಾಗಿ ಅವನು ಕಣ್ಣುಮುಚ್ಚಿದನು.

ತನ್ನ ಪುಸ್ತಕಗಳನ್ನು ಅಳಿಯನಿಗೂ ತೋರಿಸದೆ ಮುಚ್ಚಿಟ್ಟ ಆ ಮನುಷ್ಯನ ಕೆಲಸವೇ ಇಂದು ಪ್ಲೇಟೋವನ್ನು ಓದುವ ಎಲ್ಲರಿಗೂ ತೆರೆದ ಬಾಗಿಲಾಗಿದೆ. ಜೀವಮಾನವನ್ನು ತೆತ್ತು ಕಟ್ಟಿದ ಕೋಶವನ್ನು ಈಗ ತಜ್ಞರಷ್ಟೇ ತೆರೆಯುತ್ತಾರೆ. ಎರಡು ಅಂಕಣಗಳ ನಡುವೆ ಇರಿಸಿದ ಐದು ಅಕ್ಷರಗಳು ಮಾತ್ರ, ಅವನ ಹೆಸರನ್ನೂ ಅರಿಯದ ವಿದ್ಯಾರ್ಥಿಗಳ ಟಿಪ್ಪಣಿಗಳಲ್ಲಿ ಇಂದಿಗೂ ನಡೆದುಬರುತ್ತಿವೆ.