ಕರ್ನಲ್ ಮೆಕೆಂಜಿ ಸಾಹೇಬರೂ ನಮ್ಮ ಪಂಡಿತರೂ

ಮೈಸೂರು ಸೀಮೆಯ ಭೂಪಟವನ್ನು ಶಾಲೆಯ ಗೋಡೆಯ ಮೇಲೆ ಕಾಣದ ವಾಚಕರು ಇರಲಾರರು. ಗಡಿಯ ಗೆರೆ, ಹೊಳೆಯ ತಿರುವು, ಬೆಟ್ಟದ ಗುರುತು, ಊರಿನ ಚುಕ್ಕೆ ಇವುಗಳನ್ನು ಉಪಾಧ್ಯಾಯರ ಮುಂದೆ ಕಡ್ಡಿಯಿಂದ ತೋರಿಸಿಯೇ ನಾವೆಲ್ಲರೂ ಬೆಳೆದೆವು. ಆದರೆ ಈ ಗೆರೆಗಳನ್ನು ಶಾಸ್ತ್ರೀಯವಾಗಿ ಮೊದಲು ಅಳೆದು ಎಳೆಸಿದವರು ಯಾರು, ಅವರಿಗೆ ದಾರಿ ತೋರಿದವರು ಯಾರು ಎಂದು ವಿಚಾರಿಸಿದವರು ವಿರಳ. ಅಳೆಸಿದವರ ಹೆಸರು ಇಂಗ್ಲಿಷ್ ಚರಿತ್ರೆಗಳಲ್ಲಿ ಸ್ಥಿರವಾಗಿ ನಿಂತಿದೆ. ದಾರಿ ತೋರಿದವರ ಹೆಸರಾದರೋ ನಮ್ಮವರ ನಾಲಗೆಯ ಮೇಲೂ ಉಳಿದಿಲ್ಲ. ಆದಕಾರಣ ಕರ್ನಲ್ ಕಾಲಿನ್ ಮೆಕೆಂಜಿಯವರ ಜೀವಿತವನ್ನು ವಾಚಕರ ಮುಂದಿಡುವುದು ಉಚಿತವೆಂದು ನಮಗೆ ತೋರಿರುವುದು.

ಸ್ಕಾಟ್ಲೆಂಡಿನ ವಾಯವ್ಯ ದಿಕ್ಕಿನಲ್ಲಿ, ಕಡಲಿನ ನಡುವೆ ಲೂಯಿಸ್ ಎಂಬ ದ್ವೀಪವಿದೆ. ಅಲ್ಲಿಯ ಸ್ಟಾರ್ನೊವೇ ಎಂಬ ಊರಿನಲ್ಲಿ 1754ರಲ್ಲಿ ಮೆಕೆಂಜಿಯವರು ಜನಿಸಿದರು. ಆ ದೇಶವು ಧನದಲ್ಲಿ ಬಡವಾಗಿದ್ದರೂ ವಿದ್ಯೆಯಲ್ಲಿ ಬಡವಾಗಿರಲಿಲ್ಲ. ಎಡಿನ್‌ಬರೋ ಮೊದಲಾದ ಅಲ್ಲಿಯ ವಿಶ್ವವಿದ್ಯಾನಿಲಯಗಳಲ್ಲಿ ವೈದ್ಯ, ಗಣಿತ, ಸಸ್ಯಶಾಸ್ತ್ರಗಳನ್ನು ಕಲಿತ ತರುಣರು ತಮ್ಮ ನೆಲದಲ್ಲಿ ಅನ್ನ ಸಾಲದೆ ಕುಂಪಣಿಯ ಸೇವೆಯನ್ನು ಹಿಡಿದು ಭರತಖಂಡಕ್ಕೆ ಬರುತ್ತಿದ್ದರು. 1800 ಮತ್ತು 1801ರಲ್ಲಿ ಮೈಸೂರು ಸೀಮೆಯನ್ನು ಸುತ್ತಿ ಬೆಳೆ, ಕಸಬು, ಜನಜೀವನಗಳನ್ನು ಬರೆದಿಟ್ಟ ಡಾಕ್ಟರ್ ಬುಕನನ್ನರೂ, ಮುಂದೆ ಶಿವಮೊಗ್ಗೆಯ ಕಾಡುಗಳಲ್ಲಿ ಗಿಡಮರಗಳನ್ನು ಅಭ್ಯಾಸಮಾಡಿ ಅರಣ್ಯರಕ್ಷಣೆಯ ವಿಚಾರವನ್ನು ಎತ್ತಿದ ಡಾಕ್ಟರ್ ಕ್ಲೆಗಾರ್ನರೂ ಎಡಿನ್‌ಬರೋ ವೈದ್ಯವಿದ್ಯೆಯ ಮಕ್ಕಳೇ ಆಗಿದ್ದರು.

ಮೆಕೆಂಜಿಯವರಿಗೆ ಅಂತಹ ದೊಡ್ಡ ಪದವಿಯೇನೂ ಇರಲಿಲ್ಲ. ಅವರು ಮೊದಲು ತಮ್ಮ ಊರಿನ ಸುಂಕದ ಕಛೇರಿಯಲ್ಲಿ ಕೆಲಸಮಾಡಿದವರು. ಆದರೆ ಗಣಿತದಲ್ಲಿ ಅವರಿಗಿದ್ದ ಆಸಕ್ತಿ ಅಪಾರ. 1614ರಲ್ಲಿ ಲಾಗರಿದಮ್ ಎಂಬ ಲೆಕ್ಕದ ಸಾಧನವನ್ನು ಲೋಕಕ್ಕೆ ಕೊಟ್ಟ ಜಾನ್ ನೇಪಿಯರರು ಸ್ಕಾಟ್ಲೆಂಡಿನವರು. ಅವರ ವಂಶದ ಪ್ರಭುವೊಬ್ಬರು ಆ ಮಹನೀಯರ ಚರಿತ್ರೆಯನ್ನು ಬರೆಯಲು ಹೊರಟಾಗ, ಹಿಂದೂಗಳ ಪ್ರಾಚೀನ ಗಣಿತದ ವಿಚಾರವನ್ನು ತಿಳಿಯುವ ಕೆಲಸದಲ್ಲಿ ತರುಣ ಮೆಕೆಂಜಿಯವರ ನೆರವನ್ನು ಪಡೆದರೆಂದು ಹೇಳುವರು. ಆಗ ಹುಟ್ಟಿದ ಕುತೂಹಲವು ಅವರನ್ನು ಬಿಡಲಿಲ್ಲ. 1783ರಲ್ಲಿ ಮದರಾಸಿಗೆ ಬಂದಿಳಿದು ಸೈನ್ಯದ ಇಂಜಿನಿಯರುಗಳ ವರ್ಗದಲ್ಲಿ ಸೇರಿದ ಅವರು ಮರಳಿ ತಾಯ್ನಾಡನ್ನು ಕಾಣಲೇ ಇಲ್ಲ.

1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದಿತು. ಆ ಮುತ್ತಿಗೆಯಲ್ಲಿ ಮೆಕೆಂಜಿಯವರೂ ಇಂಜಿನಿಯರಾಗಿದ್ದರೆಂಬುದನ್ನು ನಾವು ಮುಚ್ಚಿಡಬೇಕಾದುದಿಲ್ಲ. ಐದು ವರ್ಷದ ಬಾಲಕರಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು, ಪೂರ್ಣಯ್ಯನವರು ದಿವಾನರಾದರು, ವರ್ಷಕ್ಕೆ 7 ಲಕ್ಷ ವರಹಗಳನ್ನು ಕುಂಪಣಿಗೆ ತೆರುವ ಕೌಲು ಆಯಿತು. ಇಂತಹ ಸೀಮೆಯ ನೆಲವೆಷ್ಟು, ನೀರೆಷ್ಟು, ದಾರಿ ಯಾವುದು, ಘಾಟಿ ಯಾವುದು ಎಂಬುದನ್ನು ಗೆದ್ದವರು ತಿಳಿಯಲಿಚ್ಛಿಸಿದುದರಲ್ಲಿ ಆಶ್ಚರ್ಯವಿಲ್ಲ. ಮೈಸೂರು ಸರ್ವೆಯು ಮೊದಲು ಹುಟ್ಟಿದುದು ನಮ್ಮ ಹಿತಕ್ಕಾಗಿ ಅಲ್ಲ, ಆಳುವವರ ಪ್ರಯೋಜನಕ್ಕಾಗಿ. ಅದರ ಮುಖ್ಯಾಧಿಕಾರವು ಮೆಕೆಂಜಿಯವರಿಗೆ ಬಂದಿತು.

ಅದೇ ಕಾಲದಲ್ಲಿ ಲ್ಯಾಂಬ್ಟನ್ ಎಂಬ ಮತ್ತೊಬ್ಬ ಅಧಿಕಾರಿಯು 1800ರಲ್ಲಿ ಬೆಂಗಳೂರಿನ ಬಳಿ 7 ಮೈಲಿಗೆ ಮಿಕ್ಕ ಒಂದು ನೇರರೇಖೆಯನ್ನು ಸರಪಣಿಯಿಂದ ಅಳೆಯಿಸಿದರು. ಒಂದು ರೇಖೆಯ ಉದ್ದವೂ ಅದರ ಎರಡು ತುದಿಗಳಿಂದ ದೂರದ ಬೆಟ್ಟದ ಶಿಖರವು ಕಾಣುವ ಕೋನಗಳೂ ತಿಳಿದರೆ, ಆ ಶಿಖರದ ದೂರವನ್ನು ಅಲ್ಲಿಗೆ ಹೋಗದೆಯೇ ಲೆಕ್ಕಹಾಕಬಹುದು. ಹೀಗೆ ತ್ರಿಕೋನಕ್ಕೆ ತ್ರಿಕೋನವನ್ನು ಹೆಣೆಯುತ್ತ ಇಡೀ ನಾಡನ್ನು ಬಲೆಯಲ್ಲಿ ಹಿಡಿದಂತೆ ಹಿಡಿಯುವುದೇ ಈ ಶಾಸ್ತ್ರದ ಮರ್ಮ. ಕೋನಗಳನ್ನು ಅಳೆಯುವುದಕ್ಕೆ ಥಿಯೊಡೊಲೈಟ್ ಯಂತ್ರ. ಗುಣಾಕಾರ ಭಾಗಾಕಾರಗಳ ಶ್ರಮವನ್ನು ತಗ್ಗಿಸುವುದಕ್ಕೆ ನೇಪಿಯರರ ಲಾಗರಿದಮ್. ಮೆಕೆಂಜಿಯವರು ಬಾಲ್ಯದ ದೇಶದಲ್ಲಿ ಕಂಡ ವಿದ್ಯೆಯು ನಮ್ಮ ಬೆಟ್ಟಗಳ ಮೇಲೆ ಹೀಗೆ ಫಲಕ್ಕೆ ಬಂದಿತು. ಲಂಡನ್ನಿನ ಯಜಮಾನರು ವೆಚ್ಚವನ್ನು ಕಡಿತಮಾಡಿದರು. ಜ್ವರವು ತಂಡವನ್ನು ಕಾಡಿತು. ಆದರೂ ಅವರು ಕೈಬಿಡದೆ ಸುಮಾರು 40,000 ಚದರ ಮೈಲಿಗಳನ್ನು ಅಳೆಯಿಸಿ ಪೂರೈಸಿದರು.

ನೆಲವನ್ನು ಅಳೆದವರು ಇತರರೂ ಉಂಟು. ಮೆಕೆಂಜಿಯವರ ವಿಶೇಷವು ಬೇರೆ. ಒಂದು ಊರಿನ ಚುಕ್ಕೆಯನ್ನು ಇಟ್ಟೊಡನೆ ಊರನ್ನು ತಿಳಿದಂತಾಗಲಿಲ್ಲವೆಂದು ಅವರು ಕಂಡುಕೊಂಡರು. ಗುಡಿಯನ್ನು ಕಟ್ಟಿಸಿದವರಾರು, ಕೆರೆಯನ್ನು ತೋಡಿಸಿದವರಾರು, ಪಾಳೆಯಗಾರರು ಎಲ್ಲಿಂದ ಬಂದರು, ಕಲ್ಲಿನ ಮೇಲಿರುವ ಬರಹವೇನು ಎಂಬುದನ್ನೆಲ್ಲ ವಿಚಾರಿಸತೊಡಗಿದರು. ಆದರೆ ಅವರಿಗೆ ನಮ್ಮ ದೇಶಭಾಷೆಗಳು ಬಾರವು. ಇದನ್ನು ಅವರೇ ಒಪ್ಪಿಕೊಂಡಿರುವರು. ಹಾಗಾದರೆ ವಿಚಾರಿಸಿದವರು ಯಾರು?

ಏಲೂರಿನ ಕಾವಲಿ ಮನೆತನದ ಬೊರಯ್ಯ, ಲಕ್ಷ್ಮಯ್ಯ, ರಾಮಸ್ವಾಮಿ ಎಂಬ ಸಹೋದರರು. ಮಲೆಯೂರಿನ ಜೈನ ಪಂಡಿತ ಧರ್ಮಯ್ಯ. ಇವರಂತೆಯೇ ಇನ್ನೂ ಹಲವರು. ಶಾನುಭೋಗರನ್ನೂ ಅರ್ಚಕರನ್ನೂ ಮಠದವರನ್ನೂ ಕಂಡು, ಸಂಶಯವನ್ನು ಹೋಗಲಾಡಿಸಿ, ಕಡತಗಳನ್ನು ಬಿಚ್ಚಿಸಿ, ಶಾಸನಗಳನ್ನು ನಕಲುಮಾಡಿ, ಕೈಫಿಯತ್ತುಗಳನ್ನು ಬರೆಯಿಸಿ ತಂದವರು ಇವರು. ಬೊರಯ್ಯನವರು ಹಳಗನ್ನಡ ಲಿಪಿಯ ಶಿಲಾಶಾಸನವನ್ನು ಓದಿ ಅರ್ಥಮಾಡಿದ ಪ್ರತಿಭಾವಂತರು. 1803ರಲ್ಲಿ, ಮೂವತ್ತು ತುಂಬುವ ಮೊದಲೇ, ಅವರು ಕಾಲವಾದರು. ಅವರ ಭಾರವು ತಮ್ಮಂದಿರಾದ ಲಕ್ಷ್ಮಯ್ಯನವರ ಹೆಗಲಿಗೆ ಬಂದಿತು.

1804ರಲ್ಲಿ ಮೆಕೆಂಜಿಯವರ ತಂಡವು ಇಂದಿನ ಚಾಮರಾಜನಗರ ಸೀಮೆಯ ಕನಕಗಿರಿಗೆ ಬಂದಿತು. ಮಲೆಯೂರಿನ ಆ ಬೆಟ್ಟದ ಬಳಿ ದೇವಚಂದ್ರನೆಂಬ ಜೈನಕವಿಯು ವಾಸವಾಗಿದ್ದನು. ಸಾಹೇಬರು ಅವನನ್ನು ಕರೆಸಿ ಈ ನಾಡಿನ ಪೂರ್ವವೃತ್ತಾಂತವನ್ನು ಕೇಳಿದರು. ಆ ಪ್ರಶ್ನೆಗೆ ಉತ್ತರವಾಗಿ ಮೊದಲಾದ ಶ್ರಮವೇ ಕಡೆಗೆ ರಾಜಾವಳೀಕಥೆ ಎಂಬ ಗ್ರಂಥವಾಯಿತು. ಅದು ಮುಗಿಯುವ ವೇಳೆಗೆ ಪ್ರಶ್ನೆ ಕೇಳಿದವರು ತೀರಿಹೋಗಿ ಬಹುಕಾಲವಾಗಿತ್ತು. ಕೇಳುವವನೊಬ್ಬನು ದೊರೆತರೆ ಹೇಳುವುದಕ್ಕೆ ನಮ್ಮ ಹಳ್ಳಿಗಳಲ್ಲಿ ಎಷ್ಟು ವಿದ್ಯೆಯು ಕಾದಿತ್ತೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ನಿದರ್ಶನವು ಬೇಡ.

ಮೆಕೆಂಜಿಯವರು 1810ರಲ್ಲಿ ಮದರಾಸಿನ ಸರ್ವೆಯರ್ ಜನರಲ್ ಆದರು. ಜಾವಾ ದ್ವೀಪದ ದಂಡಯಾತ್ರೆಗೆ ಹೋಗಿಬಂದರು. 1815ರಲ್ಲಿ ಇಡೀ ಭರತಖಂಡದ ಸರ್ವೆಯರ್ ಜನರಲ್ ಪದವಿಗೇರಿದ ಮೊದಲಿಗರಾದರು. 1821ರ ಮೇ 8ರಂದು ಕಲ್ಕತ್ತೆಯ ಬಳಿ ಮರಣಹೊಂದಿದರು. ಸ್ವಂತ ಹಣವನ್ನು ಧಾರಾಳವಾಗಿ ಸುರಿದು ಅವರು ಕೂಡಿಸಿದ್ದ ಸಂಗ್ರಹದಲ್ಲಿ 1,568 ಗ್ರಂಥಗಳು, 2,070 ಸ್ಥಳವೃತ್ತಾಂತಗಳು, 8,076 ಶಾಸನಗಳ ಪ್ರತಿಗಳು, 2,630 ಚಿತ್ರಗಳು, 6,218 ನಾಣ್ಯಗಳು ಇದ್ದುವು. ಕುಂಪಣಿಯು ಅವರ ವಿಧವೆಯಿಂದ ಇದನ್ನು 10,000 ಪೌಂಡುಗಳಿಗೆ ಕೊಂಡುಕೊಂಡಿತು.

ಮುಂದಿನ ಸಂಗತಿಯನ್ನು ಬರೆಯುವಾಗ ನಮ್ಮ ಮನಸ್ಸು ನೋಯುವುದು. ಯಜಮಾನರ ಕೆಲಸವನ್ನು ತಾವು ಮುಂದುವರಿಸುವುದಾಗಿ ಲಕ್ಷ್ಮಯ್ಯನವರು 1830ರ ದಶಕದಲ್ಲಿ ಬಿನ್ನವಿಸಿಕೊಂಡರು. ಆ ಸಂಗ್ರಹದ ಒಂದೊಂದು ಓಲೆಯನ್ನೂ ಅವರಷ್ಟು ಬಲ್ಲವರು ಆಗ ಯಾರಿದ್ದರು? ಆದರೆ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ವಿದ್ವಾಂಸರು ಇಂತಹ ಕಾರ್ಯಕ್ಕೆ ಅವರ ಯೋಗ್ಯತೆ ಸಾಲದೆಂದು ತೀರ್ಮಾನಿಸಿದರು. ಕೆಲಸವು ವಿಲಿಯಂ ಟೇಲರ್ ಎಂಬ ಪಾದ್ರಿಗಳ ಪಾಲಾಯಿತು. ಅಧಿಕಾರಿಯು ಬದುಕಿದ್ದಾಗ ಕಣ್ಣು ಕಿವಿ ನಾಲಗೆಗಳಾಗಿದ್ದವರು ಅಧಿಕಾರಿಯು ಹೋದೊಡನೆ ಬರಿಯ ಗುಮಾಸ್ತರಾದರು.

1816ರಲ್ಲಿ ಥಾಮಸ್ ಹಿಕಿ ಎಂಬ ಚಿತ್ರಕಾರರು ಬರೆದ ಮೆಕೆಂಜಿಯವರ ಭಾವಚಿತ್ರವು ಈಗಲೂ ಲಂಡನ್ನಿನಲ್ಲಿದೆ. ಕೆಂಪು ಅಂಗಿಯ ಸಾಹೇಬರು ಅದರಲ್ಲಿ ಒಂಟಿಯಾಗಿಲ್ಲ. ನಮ್ಮ ಪಂಡಿತರಿಬ್ಬರೂ, ದೂರದರ್ಶಕವನ್ನು ಹಿಡಿದ ಜವಾನನೂ ಅವರ ಸುತ್ತ ನಿಂತಿರುವರು. ಹಿಂದೆ ಕಾರ್ಕಳದ ಗೊಮ್ಮಟನು ಕಾಣುವನು. ಚಿತ್ರಕಾರನು ತೋರಿದ ನ್ಯಾಯವನ್ನು ಚರಿತ್ರಕಾರರು ತೋರಲಿಲ್ಲ.

ಮೆಕೆಂಜಿಯವರ ಉಪಕಾರವನ್ನು ನಾವು ಮರೆಯತಕ್ಕದ್ದಲ್ಲ. ಆಳಲು ಬಂದವರಲ್ಲಿ ಕೇಳಿ ತಿಳಿಯುವ ವಿನಯವಿದ್ದವರು ಎಷ್ಟು ಮಂದಿ? ಆದರೆ ಅವರನ್ನು ಹೊಗಳಿ ಸುಮ್ಮನಾದರೆ ಅರ್ಧ ಋಣವು ಮಾತ್ರ ತೀರಿದಂತಾಯಿತು. ಉಳಿದರ್ಧವು ಬೊರಯ್ಯ, ಲಕ್ಷ್ಮಯ್ಯ, ಧರ್ಮಯ್ಯ, ದೇವಚಂದ್ರರಿಗೆ ಸಲ್ಲತಕ್ಕದ್ದು. ಅವರ ಹೆಸರುಗಳು ನಮ್ಮ ಶಾಲೆಯ ಪಾಠಗಳಲ್ಲಿ ಬರಬೇಕು. ಈ ಮೈಸೂರು ನಗರದಲ್ಲಿ 1891ರಿಂದಲೂ ಓಲೆಗರಿಗಳನ್ನು ಕಾಪಾಡಿಕೊಂಡು ಬಂದಿರುವ ಪ್ರಾಚ್ಯ ಪುಸ್ತಕಾಲಯವಿದೆ; ಕೈಫಿಯತ್ತುಗಳೂ ಕನ್ನಡದಲ್ಲಿ ಅಚ್ಚಾಗಿವೆ. ಹೀಗಿದ್ದರೂ ತನ್ನ ಊರಿನ ಕಲ್ಲನ್ನು ಓದಬಲ್ಲ ತರುಣನು ಹೋಬಳಿಗೊಬ್ಬನಾದರೂ ಇರುವನೇ? ಅಂದು ಕೇಳುವುದಕ್ಕೆ ಕಡಲಾಚೆಯಿಂದ ಒಬ್ಬರು ಬರಬೇಕಾಯಿತು. ಇಂದು ಕೇಳಬೇಕಾದವರು ನಾವೇ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅಕ್ಷರಗಳು ಕಂಡರೆ, ವಾಚಕರು ಆ ಕಲ್ಲನ್ನು ಒಮ್ಮೆ ತೊಳೆದು, ಬಲ್ಲವರಿಗೆ ತೋರಿಸಲೆಂದು ನಮ್ಮ ಪ್ರಾರ್ಥನೆ.