ಕೂದಲಿಗೆ ಸುರುಳಿ ಕೊಟ್ಟ ನೆಸ್ಲರ್, ತಲೆ ಕೊಟ್ಟ ಕತರೀನಾ

ಮದುವೆ ಸೀಸನ್ ಬಂತೆಂದರೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಎಲ್ಲೇ ಹೋಗಿ, ಹೆಣ್ಣುಮಕ್ಕಳ ಬೇಡಿಕೆ ಒಂದೇ. ರಿಸೆಪ್ಶನ್‌ಗೆ ಕೂದಲು ಕರ್ಲ್ ಆಗಬೇಕು! ಪಾರ್ಲರ್‌ನಲ್ಲಿ ಕಾಯಬೇಕು, ಕಲಬುರಗಿಗೆ ಹೋದರೆ ಅರ್ಧ ದಿನ ಹಾಳು. ಹೀಟೆಡ್ ರೋಲರ್ ಸೆಟ್ ಒಂದಿದ್ದರೆ ಮನೆಯಲ್ಲೇ ಈ ಕೆಲಸ ಆಗುತ್ತದೆ. ಆದರೆ ಅದನ್ನು ಕೈಗೆತ್ತಿಕೊಳ್ಳುವ ಮೊದಲು ಕಾರ್ಲ್ ನೆಸ್ಲರ್ ಎಂಬುವನ ಕಥೆ ಓದಿಬಿಡ್ರಿ. ನಮಗೆ ಬೇಕಾದ ಪಾಠವೆಲ್ಲ ಅದರಲ್ಲೇ ಇದೆ.

ನೆಸ್ಲರ್ ಹುಟ್ಟಿದ್ದು 1872ರಲ್ಲಿ, ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್ ಪ್ರದೇಶದ ಟೋಟ್ನಾವ್ ಎಂಬ ಸಣ್ಣ ಊರಿನಲ್ಲಿ. ತಂದೆ ಬೂಟು ಹೊಲಿಯುವವರು. ಕುರಿಯ ಉಣ್ಣೆ ತಾನಾಗಿಯೇ ಗುಂಗುರಾಗಿರುತ್ತದೆ, ಮನುಷ್ಯರ ಕೂದಲೇಕೆ ನೆಟ್ಟಗೆ ಎಂಬ ಪ್ರಶ್ನೆ ಚಿಕ್ಕಂದಿನಲ್ಲೇ ಅವನ ತಲೆ ಹೊಕ್ಕಿತ್ತಂತೆ. ಕ್ಷೌರದ ಕೆಲಸ ಕಲಿತು, ಸ್ವಿಟ್ಜರ್ಲೆಂಡ್, ಪ್ಯಾರಿಸ್ ಸುತ್ತಿ ಕೊನೆಗೆ ಲಂಡನ್ ಸೇರಿದ.

ಆ ಕಾಲದಲ್ಲಿ ಪ್ಯಾರಿಸ್‌ನ ಮಾರ್ಸೆಲ್ ಗ್ರಾತೋ ಕಂಡುಹಿಡಿದ ಬಿಸಿ ಇಕ್ಕಳದ ಅಲೆಗೂದಲು ಬಲು ಫ್ಯಾಷನ್. ಆದರೆ ತಲೆಗೆ ನೀರು ಬಿದ್ದರೆ ಅಲೆಯೆಲ್ಲ ಮಾಯ! ತೊಳೆದರೂ ಹೋಗದ ಸುರುಳಿ ಬೇಕೆಂದು ನೆಸ್ಲರ್ ಹಟ ಹಿಡಿದ. ಪ್ರಯೋಗಕ್ಕೆ ತಲೆ ಯಾರದು? ಮಡದಿ ಕತರೀನಾ ಲೈಬ್ಲೆಯದು. ಮೊದಲ ಎರಡು ಸಲ ಆಕೆಯ ಕೂದಲು ಸುಟ್ಟೇಹೋಯಿತು. ನೆತ್ತಿಯೂ ಸುಟ್ಟಿತು. ಆದರೂ ಆಕೆ ಮತ್ತೆ ಕುಳಿತಳು.

ಕೊನೆಗೆ ಲಂಡನ್ನಿನ ಆಕ್ಸ್‌ಫರ್ಡ್ ಸ್ಟ್ರೀಟ್‌ನಲ್ಲಿ ನೆಸ್ಲರ್ ತನ್ನ ವಿಧಾನವನ್ನು ಎಲ್ಲರೆದುರು ಮಾಡಿ ತೋರಿಸಿದ. ಕೂದಲಿಗೆ ಕ್ಷಾರದ ದ್ರಾವಣ ಹಚ್ಚಿ, ಸುಮಾರು 900 ಗ್ರಾಂ ತೂಕದ ಹಿತ್ತಾಳೆ ರೋಲರ್‌ಗಳು 12, ಎಲ್ಲವೂ ಕಾದದ್ದು! ನೆತ್ತಿಗೆ ತಾಗದಂತೆ ಅವನ್ನು ಮೇಲಿನಿಂದ ತೂಗುಹಾಕಿ, ಪ್ರತಿಭಾರ ಕಟ್ಟಿದ್ದ. ಕೂತ ಹೆಂಗಸು ಸುಮಾರು 6 ತಾಸು ಅಲುಗಾಡುವಂತಿಲ್ಲ. ನಾವು ಇಂದು ಪರ್ಮಿಂಗ್ ಅನ್ನುತ್ತೇವಲ್ಲ, ಅದರ ಯಂತ್ರದ ಶುರುವಾತು ಇದೇ.

ಮೊದಲ ಮಹಾಯುದ್ಧದಲ್ಲಿ ಜರ್ಮನ್ನರೆಲ್ಲ ಬ್ರಿಟನ್ನಿಗೆ ಶತ್ರುಗಳಾದರು. 1915ರಲ್ಲಿ ನೆಸ್ಲರ್ ಅಮೆರಿಕ ಸೇರಿದ. ಅಲ್ಲಿ ನೋಡಿದರೆ ಅವನ ಯಂತ್ರದ ನಕಲುಗಳು ಆಗಲೇ ತುಂಬಿಹೋಗಿದ್ದವು! ಧೈರ್ಯಗೆಡದೆ ನ್ಯೂಯಾರ್ಕ್‌ನಲ್ಲಿ ಸಲೂನ್ ತೆರೆದ, ಬೇರೆ ನಗರಗಳಿಗೂ ಹಬ್ಬಿದ. ಮನೆಯಲ್ಲೇ ಸುರುಳಿ ಮಾಡಿಕೊಳ್ಳುವ ಕಿಟ್ ಸಹ ಮಾರಿದ. 1928ರಲ್ಲಿ ಕೂದಲಿನ ಬಗ್ಗೆ ಪುಸ್ತಕ ಬರೆದ. ಮರುವರ್ಷ ಶೇರುಪೇಟೆ ಕುಸಿದಾಗ ಗಳಿಸಿದ್ದು ಬಹುಪಾಲು ಕರಗಿತು. 1951ರ ಜನವರಿಯಲ್ಲಿ ನ್ಯೂಜೆರ್ಸಿಯಲ್ಲಿ ತೀರಿಕೊಂಡ.

ನೆಸ್ಲರ್ ಮಾಡಿದ್ದು ಕೂದಲಿನ ಒಳರಚನೆಯನ್ನೇ ಬದಲಿಸುವ ಕಾಯಂ ಸುರುಳಿ. ನಮ್ಮ ಹೀಟೆಡ್ ರೋಲರ್ ಅಷ್ಟು ದೂರ ಹೋಗುವುದಿಲ್ಲ. ಡೆನ್ಮಾರ್ಕಿನ ಕಾರ್ಮೆನ್ ಕರ್ಲರ್‌ಗಳಿಂದ 1960ರ ದಶಕದಲ್ಲಿ ಮನೆಮನೆಗೆ ಬಂದ ಸಾಧನ ಇದು. ಬಿಸಿಗೆ ಕೂದಲಿನ ಸಡಿಲ ಬಂಧಗಳು ಬಿಡುತ್ತವೆ, ತಣ್ಣಗಾಗುವಾಗ ಸುತ್ತಿದ ಆಕಾರದಲ್ಲೇ ಮತ್ತೆ ಕೂಡುತ್ತವೆ. ಅಂದರೆ ಸುರುಳಿ ನಿಲ್ಲುವುದು ಬಿಸಿಯಲ್ಲಿ ಅಲ್ಲ, ತಣ್ಣಗಾಗುವುದರಲ್ಲಿ! ಅವಸರ ಮಾಡಿದರೆ ಅರ್ಧ ಗಂಟೆಯಲ್ಲೇ ಕೂದಲು ಮತ್ತೆ ನೆಟ್ಟಗೆ.

ಹೀಗೆ ಮಾಡಿ ನೋಡಿ:

* ಎಣ್ಣೆ ತಲೆಗೆ ರೋಲರ್ ಬೇಡ. ಹಿಂದಿನ ದಿನವೇ ತಲೆಸ್ನಾನ ಮಾಡಿ, ಕೂದಲು ಪೂರ್ತಿ ಒಣಗಿರಲಿ.

* ನಮ್ಮ ಕಡೆ ಸುಣ್ಣಕಲ್ಲಿನ ನೆಲ, ಬೋರ್ ನೀರು ಗಡಸು. ಶಾಂಪೂ ನಂತರ ಕೊನೆಯ ಒಂದು ತಂಬಿಗೆ ಫಿಲ್ಟರ್ ನೀರಿಗೆ ಒಂದು ಚಮಚ ವಿನೆಗರ್ ಬೆರೆಸಿ ತೊಳೆದರೆ ಕೂದಲ ಒರಟುತನ ಕಡಿಮೆ.

* ರೋಲರ್‌ಗಿಂತ ಅಗಲವಾಗಿ ಕೂದಲು ತೆಗೆದುಕೊಳ್ಳಬೇಡಿ. ತುದಿಯಿಂದ ಶುರು ಮಾಡಿ ಬುಡದತ್ತ ಸುತ್ತಿ. ಸಣ್ಣ ರೋಲರ್‌ಗೆ ಬಿಗಿ ಸುರುಳಿ, ದೊಡ್ಡದಕ್ಕೆ ಅಲೆ.

* ನೆತ್ತಿಗೆ ಚುರುಕ್ ಎಂದರೆ ಸಹಿಸಬೇಡಿ. ತಕ್ಷಣ ಬಿಚ್ಚಿ, ಅಲ್ಲಿಗೆ ಹತ್ತಿ ಅಥವಾ ಮಡಚಿದ ಟಿಶ್ಯೂ ಇಡಿ.

* ರೋಲರ್ ಮುಟ್ಟಿದರೆ ಪೂರ್ತಿ ತಣ್ಣಗಿರಬೇಕು, ಆಗಲೇ ಬಿಚ್ಚಿ. ಸುಮಾರು 20 ನಿಮಿಷ ಹಿಡಿದೀತು. ಬಾಚಣಿಗೆ ಬೇಡ, ಬೆರಳಲ್ಲೇ ಬಿಡಿಸಿ.

ಇನ್ನೊಂದು ಅನುಕೂಲ ನೋಡ್ರಿ. ರೋಲರ್‌ಗಳು ಒಮ್ಮೆ ಕಾದರೆ ಸಾಕು. ಸುತ್ತಿಕೊಂಡ ಮೇಲೆ ಕರೆಂಟ್ ಹೋದರೂ ಚಿಂತೆಯಿಲ್ಲ.

ಹೆಸರು ನೆಸ್ಲರ್‌ಗೆ ಬಂತು, ಸುಟ್ಟ ನೆತ್ತಿ ಕತರೀನಾಳಿಗೆ ಉಳಿಯಿತು. ಚೆಂದ ಕಾಣಲು ನೋವು ತಿನ್ನಲೇಬೇಕು ಎಂಬ ಮಾತನ್ನು ನಮ್ಮ ಹೆಣ್ಣುಮಕ್ಕಳಿಗೆ ಕಲಿಸುವುದು ಬೇಡ. ವಾರಕ್ಕೊಮ್ಮೆಗಿಂತ ಹೆಚ್ಚು ಬಿಸಿ ತೋರಿಸಬೇಡಿ, ಕೂದಲು ಸೀಳುತ್ತಿದ್ದರೆ ಕೆಲವು ವಾರ ಬಿಡುವು ಕೊಡಿ. ಸುರುಳಿ ಇಲ್ಲದಿದ್ದರೂ ಮದುವೆಮನೆಯಲ್ಲಿ ಒಂದು ಮೊಳ ಮಲ್ಲಿಗೆಗೆ ಬೆಲೆ ಇದ್ದೇ ಇದೆ!