ಮಹಮೂದ್ ತಾಲೆಘಾನಿ

ಅಯತೊಲ್ಲಾ ಸಯ್ಯದ್ ಮಹಮೂದ್ ತಾಲೆಘಾನಿ (1911 – 9 ಸೆಪ್ಟೆಂಬರ್ 1979) ಇರಾನಿನ ಶಿಯಾ ಧರ್ಮಗುರು, ಕುರಾನ್ ವ್ಯಾಖ್ಯಾನಕಾರ ಹಾಗೂ ರಾಜಕೀಯ ನಾಯಕರು. ಪಹ್ಲವಿ ಅರಸರ ನಿರಂಕುಶ ಆಡಳಿತವನ್ನು ವಿರೋಧಿಸಿ ಹಲವು ವರ್ಷ ಸೆರೆವಾಸ ಅನುಭವಿಸಿದ ಇವರು, 1979ರ ಕ್ರಾಂತಿಯ ನಂತರ ಧರ್ಮದ ಹೆಸರಿನಲ್ಲಿ ತಲೆಯೆತ್ತಬಹುದಾದ ನಿರಂಕುಶತೆಯ ಬಗ್ಗೆಯೂ ಎಚ್ಚರಿಸಿದರು.

ಆರಂಭಿಕ ಜೀವನ

ಉತ್ತರ ಇರಾನಿನ ಅಲ್ಬೋರ್ಜ್ ಪರ್ವತಗಳ ನಡುವಿನ ತಾಲೆಘಾನ್ ಪ್ರದೇಶದಲ್ಲಿ ಜನಿಸಿದರು. ತಂದೆ ಅಬುಲ್ ಹಸನ್ ಧರ್ಮಗುರುಗಳಾಗಿದ್ದರೂ ಗಡಿಯಾರ ದುರಸ್ತಿಯಿಂದ ಜೀವನ ಸಾಗಿಸುತ್ತಿದ್ದರು. ಕೋಮ್ ನಗರದಲ್ಲಿ ಧಾರ್ಮಿಕ ಶಿಕ್ಷಣ ಮುಗಿಸಿದ ತಾಲೆಘಾನಿ ಟೆಹರಾನಿನಲ್ಲಿ ನೆಲೆಸಿದರು. 1939ರಲ್ಲಿ, ರೆಜಾ ಶಾಹನ ಆಳ್ವಿಕೆಯಲ್ಲಿ, ಮೊದಲ ಬಾರಿಗೆ ಬಂಧನಕ್ಕೊಳಗಾದರು. ಮುಂದೆ ಅಲ್ಲಿನ ಹೆದಾಯತ್ ಮಸೀದಿಯಲ್ಲಿ ಇವರು ನೀಡುತ್ತಿದ್ದ ಪ್ರವಚನಗಳು ವಿದ್ಯಾರ್ಥಿಗಳನ್ನೂ ವಿದ್ಯಾವಂತ ಯುವಜನರನ್ನೂ ಸೆಳೆದವು.

ಚಿಂತನೆ ಮತ್ತು ಕೃತಿಗಳು

ಸಂವಿಧಾನಬದ್ಧ ಆಡಳಿತವನ್ನು ಧಾರ್ಮಿಕ ನೆಲೆಯಲ್ಲಿ ಸಮರ್ಥಿಸಿ ಮಿರ್ಜಾ ನಾಯಿನಿ 1909ರಲ್ಲಿ ರಚಿಸಿದ್ದ ಗ್ರಂಥವನ್ನು ತಾಲೆಘಾನಿ 1955ರಲ್ಲಿ ಟಿಪ್ಪಣಿಗಳೊಡನೆ ಮರುಪ್ರಕಟಿಸಿದರು. ಅರಸನ ನಿರಂಕುಶತೆಯಷ್ಟೇ ಧಾರ್ಮಿಕ ನಿರಂಕುಶತೆಯೂ ಅಪಾಯಕಾರಿ ಎಂಬುದು ಆ ಗ್ರಂಥದ ಮುಖ್ಯ ವಾದಗಳಲ್ಲೊಂದು. ಇಸ್ಲಾಂ ಮತ್ತು ಆಸ್ತಿಯ ಒಡೆತನವನ್ನು ಕುರಿತ ಕೃತಿಯಲ್ಲಿ ಬಂಡವಾಳಶಾಹಿ ಹಾಗೂ ಮಾರ್ಕ್ಸ್‌ವಾದ ಎರಡನ್ನೂ ವಿಮರ್ಶಿಸಿದ್ದಾರೆ. ಜನರು ಆರಿಸಿದ ಸಮಿತಿಗಳು, ಅಂದರೆ ಶೂರಾಗಳು, ಊರಿನಿಂದ ರಾಷ್ಟ್ರದವರೆಗೆ ಆಡಳಿತದಲ್ಲಿ ಪಾಲು ಪಡೆಯಬೇಕೆಂಬುದು ಇವರ ನಿಲುವಾಗಿತ್ತು.

ರಾಜಕೀಯ ಜೀವನ

ತೈಲೋದ್ಯಮವನ್ನು ರಾಷ್ಟ್ರೀಕರಿಸಿದ ಪ್ರಧಾನಿ ಮೊಹಮ್ಮದ್ ಮೊಸಾದೆಘ್ ಅವರನ್ನು ಇವರು ಬೆಂಬಲಿಸಿದ್ದರು. 1953ರ ಕ್ಷಿಪ್ರಕ್ರಾಂತಿಯಲ್ಲಿ ಮೊಸಾದೆಘ್ ಪದಚ್ಯುತರಾದ ಮೇಲೂ ಆ ಪಕ್ಷವನ್ನು ತೊರೆಯಲಿಲ್ಲ. 1961ರಲ್ಲಿ ಮೆಹದಿ ಬಜರ್ಗಾನ್ ಮತ್ತು ಯದೊಲ್ಲಾ ಸಹಾಬಿ ಅವರೊಡನೆ ಇರಾನ್ ಸ್ವಾತಂತ್ರ್ಯ ಚಳವಳಿ ಎಂಬ ಪಕ್ಷವನ್ನು ಸ್ಥಾಪಿಸಿದರು. ನಂತರದ ವರ್ಷಗಳು ಹೆಚ್ಚಾಗಿ ಸೆರೆಮನೆ ಮತ್ತು ಗಡೀಪಾರಿನಲ್ಲಿ ಕಳೆದವು. 1978ರ ಅಕ್ಟೋಬರ್ ಕೊನೆಯಲ್ಲಿ ಬಿಡುಗಡೆಯಾಗಿ, ಡಿಸೆಂಬರಿನಲ್ಲಿ ಮೊಹರಂ ಸಂದರ್ಭದ ಬೃಹತ್ ಮೆರವಣಿಗೆಗಳ ಮುಂದಾಳತ್ವ ವಹಿಸಿದರು.

ಕ್ರಾಂತಿಯ ನಂತರ

1979ರ ಮಾರ್ಚ್‌ನಲ್ಲಿ ಹಿಜಾಬ್ ವಿಷಯವಾಗಿ ಮಹಿಳೆಯರು ಬೀದಿಗಿಳಿದಾಗ, ಅದನ್ನು ಬಲವಂತವಾಗಿ ಹೇರಲಾಗದೆಂದು ತಾಲೆಘಾನಿ ಸ್ಪಷ್ಟಪಡಿಸಿದರು. ಏಪ್ರಿಲ್‌ನಲ್ಲಿ ಕ್ರಾಂತಿ ಸಮಿತಿಯ ಸಶಸ್ತ್ರ ಕಾರ್ಯಕರ್ತರು ಇವರ ಇಬ್ಬರು ಪುತ್ರರನ್ನು ಬಂಧಿಸಿದರು. ಅದನ್ನು ಪ್ರತಿಭಟಿಸಿ ತಮ್ಮ ಕಚೇರಿಗಳನ್ನು ಮುಚ್ಚಿ ರಾಜಧಾನಿಯನ್ನೇ ತೊರೆದರು. ಇವರ ಪರವಾಗಿ ಟೆಹರಾನಿನಲ್ಲಿ ಪ್ರದರ್ಶನಗಳು ನಡೆದವು. ಕೋಮ್‌ನಲ್ಲಿ ಅಯತೊಲ್ಲಾ ಖೊಮೇನಿಯವರನ್ನು ಭೇಟಿಯಾದ ನಂತರ ಸಾರ್ವಜನಿಕ ಜೀವನಕ್ಕೆ ಮರಳಿದರು. ಖೊಮೇನಿಯವರೊಡನೆ ಬಹಿರಂಗವಾಗಿ ಸಂಬಂಧ ಕಡಿದುಕೊಳ್ಳಲಿಲ್ಲ.

ಜುಲೈನಲ್ಲಿ ಟೆಹರಾನಿನ ಶುಕ್ರವಾರದ ಸಾಮೂಹಿಕ ಪ್ರಾರ್ಥನೆಯ ನೇತೃತ್ವವನ್ನು ಖೊಮೇನಿಯವರು ಇವರಿಗೇ ವಹಿಸಿದರು. ಆಗಸ್ಟ್‌ನಲ್ಲಿ ಸಂವಿಧಾನ ರಚನೆಯ ತಜ್ಞರ ಸಭೆಗೆ ಟೆಹರಾನಿನಿಂದ ಅತಿ ಹೆಚ್ಚು ಮತ ಪಡೆದು ಆಯ್ಕೆಯಾದರು.

ನಿಧನ

ಸೆಪ್ಟೆಂಬರ್ 7ರಂದು ಬೆಹೆಶ್ತ್-ಎ-ಜಹ್ರಾ ಸ್ಮಶಾನದಲ್ಲಿ ನೀಡಿದ ಕೊನೆಯ ಪ್ರವಚನದಲ್ಲಿ, ಶೂರಾಗಳ ರಚನೆ ವಿಳಂಬವಾಗುತ್ತಿರುವುದನ್ನು ಆಕ್ಷೇಪಿಸಿ, ಧರ್ಮದ ಮರೆಯಲ್ಲಿ ನಡೆಯುವ ದಬ್ಬಾಳಿಕೆಯ ವಿರುದ್ಧ ಎಚ್ಚರಿಸಿದರು. ಎರಡು ದಿನಗಳ ನಂತರ ನಿಧನರಾದ ಇವರನ್ನು ಅದೇ ಸ್ಮಶಾನದಲ್ಲಿ ಸಮಾಧಿ ಮಾಡಲಾಯಿತು. ಕೆಲವೇ ದಿನಗಳಲ್ಲಿ ತಜ್ಞರ ಸಭೆಯು ಪರಮೋಚ್ಚ ಧರ್ಮಗುರುವಿನ ಅಧಿಕಾರವನ್ನು ಸ್ಥಾಪಿಸುವ ವಿಧಿಯನ್ನು ಅಂಗೀಕರಿಸಿತು. ಶೂರಾಗಳಿಗೂ ಸಂವಿಧಾನದಲ್ಲಿ ಸ್ಥಾನ ದೊರೆಯಿತು. ಆದರೆ ಸ್ಥಳೀಯ ಶೂರಾಗಳಿಗೆ ರಾಷ್ಟ್ರವ್ಯಾಪಿ ಚುನಾವಣೆ ಮೊದಲ ಬಾರಿಗೆ ನಡೆದದ್ದು 1999ರಲ್ಲಿ.